ಕಾಯುವ ಕಿಣ್ವವೇ ಔಷಧಕ್ಕೂ ದಾರಿ: ಐಸೋನಿಯಜಿಡ್‌ಗೆ ಬಗ್ಗದ ಒಂದು ಕ್ಷಯ ಪ್ರಕರಣ

ರೋಗಿಯ ಗುರುತು ಸಿಗದಿರಲೆಂದು ವಯಸ್ಸು, ಉದ್ಯೋಗ ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಚಿಕಿತ್ಸೆ ಎಲ್ಲಿ ನಡೆಯಿತು ಎಂಬುದನ್ನೂ ಹೇಳುವುದಿಲ್ಲ. ಕಫದ ಮಾದರಿಗಳನ್ನು ಪರೀಕ್ಷಿಸಿದ ಲ್ಯಾಬಿನ ಕಡೆಯಿಂದ ನಾನು ಇದನ್ನು ಬರೆಯುತ್ತಿದ್ದೇನೆ. ಚಿಕಿತ್ಸೆಯ ನಿರ್ಧಾರಗಳು ವೈದ್ಯರ ತಂಡದವು, ಅವುಗಳಲ್ಲಿ ಕೆಲವಕ್ಕೆ ನಮ್ಮ ಫಲಿತಾಂಶ ಆಧಾರವಾಗಿತ್ತು.

ಹಿನ್ನೆಲೆ

ನಲವತ್ತು ದಾಟಿದ ಗಂಡಸು. ಒಂದೂವರೆ ತಿಂಗಳಿಂದ ಕೆಮ್ಮು, ಸಂಜೆಯಾದರೆ ಏರುವ ಜ್ವರ, ರಾತ್ರಿ ಬೆವರು, ಕಣ್ಣಿಗೆ ಕಾಣುವಷ್ಟು ತೂಕ ಇಳಿಕೆ. ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು, ಅದು ಹಿಡಿತದಲ್ಲಿರಲಿಲ್ಲ. ಹಿಂದೆ ಎಂದೂ ಕ್ಷಯಕ್ಕೆ ಚಿಕಿತ್ಸೆ ಪಡೆದವರಲ್ಲ. ಎಚ್‌ಐವಿ ಸೋಂಕು ಇರಲಿಲ್ಲ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಕುಳಿ ಸ್ಪಷ್ಟವಾಗಿ ಕಾಣುತ್ತಿತ್ತು. ಕಫದ ಸ್ಮಿಯರ್ 3+, ಅಂದರೆ ಸೂಕ್ಷ್ಮದರ್ಶಕದ ಪ್ರತಿ ನೋಟದಲ್ಲೂ ಬ್ಯಾಕ್ಟೀರಿಯಾಗಳು ಗುಂಪುಗುಂಪಾಗಿ ಸಿಗುತ್ತಿದ್ದವು.

ಅದೇ ದಿನ ಮಾಡಿದ ಕ್ಷಿಪ್ರ ಜೀನ್ ಪರೀಕ್ಷೆ ಎರಡು ಮಾತು ಹೇಳಿತು. ಕ್ಷಯದ ಬ್ಯಾಕ್ಟೀರಿಯಾ ಇದೆ, ರಿಫಾಂಪಿಸಿನ್ ಔಷಧಕ್ಕೆ ಪ್ರತಿರೋಧ ಕಂಡುಬಂದಿಲ್ಲ. ಈ ಪರೀಕ್ಷೆ ನೋಡುವುದು ಆರ್‌ಪಿಒಬಿ ಎಂಬ ಜೀನಿನ 81 ಅಕ್ಷರಗಳ ಒಂದು ಚಿಕ್ಕ ತುಣುಕನ್ನು ಮಾತ್ರ. ರಿಫಾಂಪಿಸಿನ್‌ಗೆ ಬಗ್ಗದ ತಳಿಗಳು ಸಾಮಾನ್ಯವಾಗಿ ಐಸೋನಿಯಜಿಡ್‌ಗೂ ಬಗ್ಗುವುದಿಲ್ಲ. ಹಾಗಾಗಿ ಮೊದಲನೆಯದನ್ನು ಹಿಡಿದರೆ ಬಹುಔಷಧ ಪ್ರತಿರೋಧದ ಕ್ಷಯವನ್ನು ಬೇಗ ಗುರುತಿಸಬಹುದು ಎಂಬ ಲೆಕ್ಕಾಚಾರ ಅದರ ಹಿಂದಿದೆ. ಲೆಕ್ಕಾಚಾರ ಸರಿಯಾದದ್ದೇ. ಆದರೆ ಅದನ್ನು ತಿರುಗಿಸಿ ಓದುವಂತಿಲ್ಲ. ರಿಫಾಂಪಿಸಿನ್‌ಗೆ ಬಗ್ಗುವ ತಳಿ ಐಸೋನಿಯಜಿಡ್‌ಗೂ ಬಗ್ಗುತ್ತದೆ ಎಂದು ಆ ಪರೀಕ್ಷೆ ಎಲ್ಲೂ ಹೇಳಿಲ್ಲ. ರಿಪೋರ್ಟನ್ನು ಕೈಗೆತ್ತಿಕೊಂಡವರು ಬಹಳ ಸಲ ಹಾಗೆಯೇ ಓದಿಕೊಳ್ಳುತ್ತಾರೆ.

ಚಿಕಿತ್ಸೆ ಬಹಳ ಕಡೆ ನಡೆಯುವ ಕ್ರಮದಲ್ಲೇ ಶುರುವಾಯಿತು: ಮೊದಲ ಎರಡು ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್ ಒಟ್ಟಿಗೆ, ಆಮೇಲಿನ ನಾಲ್ಕು ತಿಂಗಳು ಐಸೋನಿಯಜಿಡ್ ಮತ್ತು ರಿಫಾಂಪಿಸಿನ್. ಮನೆಯಲ್ಲಿ ಹೆಂಡತಿ ಮತ್ತು ಏಳು ವರ್ಷದ ಮಗಳು. ಇಬ್ಬರಿಗೂ ಕೆಮ್ಮು, ಜ್ವರ ಇರಲಿಲ್ಲ, ಎಕ್ಸ್‌ರೇ ಸರಿಯಿತ್ತು. ಚರ್ಮದ ಪರೀಕ್ಷೆಯಲ್ಲಿ ಸೋಂಕು ತಗುಲಿದ ಸುಳಿವು ಮಾತ್ರ ಇತ್ತು. ರೋಗ ಬಾರದಿರಲೆಂದು ಇಬ್ಬರಿಗೂ ಐಸೋನಿಯಜಿಡ್ ಆರಂಭಿಸಲಾಯಿತು. ಆಗ ಕೈಯಲ್ಲಿದ್ದ ಮಾಹಿತಿಗೆ ಅದು ಒಪ್ಪುವ ನಿರ್ಧಾರವೇ.

ಎರಡು ತಿಂಗಳ ಕೊನೆಯಲ್ಲಿ

ಮೂರನೆಯ ವಾರಕ್ಕೆ ಜ್ವರ ಇಳಿದಿತ್ತು. ಹಸಿವು ಮರಳಿತು, ತೂಕ ಸ್ವಲ್ಪ ಏರಿತು. ರೋಗಿಗೂ ಮನೆಯವರಿಗೂ ನೆಮ್ಮದಿ. ಆದರೆ ಎರಡು ತಿಂಗಳ ಕೊನೆಗೆ ಕಳಿಸಿದ ಕಫದ ಸ್ಮಿಯರ್ ಇನ್ನೂ 1+ ಇತ್ತು.

ಇಂಥ ಫಲಿತಾಂಶ ಬಂದಾಗ ಕಣ್ಣು ಮೊದಲು ಹೋಗುವುದು ರೋಗಿಯ ಕಡೆಗೆ. ಮಾತ್ರೆ ಸರಿಯಾಗಿ ನುಂಗುತ್ತಿದ್ದಾರೆಯೇ? ಇಲ್ಲಿಯೂ ಹಾಗೇ ಆಯಿತು. ವಿಚಾರಿಸಿದಾಗ ಅವರು, "ಒಂದು ದಿನವೂ ತಪ್ಪಿಸಿಲ್ಲ ಸಾರ್. ಬೇಕಾದರೆ ನೋಡಿ, ಮೂತ್ರ ಇನ್ನೂ ಕೆಂಪಗೇ ಹೋಗುತ್ತಿದೆ" ಎಂದರಂತೆ. ರಿಫಾಂಪಿಸಿನ್ ದೇಹ ಸೇರಿದರೆ ಮೂತ್ರಕ್ಕೆ ಕಿತ್ತಳೆಗೆಂಪು ಬಣ್ಣ ಬರುತ್ತದೆ. ಉಳಿದ ಮಾತ್ರೆಗಳ ಲೆಕ್ಕವೂ ತಾಳೆಯಾಯಿತು. ನಾಲ್ಕೂ ಔಷಧ ಒಂದೇ ಮಾತ್ರೆಯಲ್ಲಿ ಸೇರಿದ್ದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ನುಂಗುವ ಮಾತೂ ಇರಲಿಲ್ಲ. ರೋಗಿಯನ್ನು ಶಂಕಿಸುವುದು ಸುಲಭ, ಆ ಶಂಕೆ ತಪ್ಪೆಂದು ತೋರಿಸುವುದು ರೋಗಿಗೆ ಬಹಳ ಕಷ್ಟ. ಇವರು ತಾವೇ ಸಾಕ್ಷಿ ಒದಗಿಸಿದರು. ಅದನ್ನು ಕೇಳಿ ನಂಬಿದ ವೈದ್ಯರಿದ್ದದ್ದು ಈ ಪ್ರಕರಣದ ಮೊದಲ ತಿರುವು.

ಎರಡನೆಯ ವಿವರಣೆ ಸಕ್ಕರೆ ಕಾಯಿಲೆ. ಇದನ್ನು ತಳ್ಳಿಹಾಕುವಂತಿರಲಿಲ್ಲ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ರೋಗನಿರೋಧಕ ಕೋಶಗಳು ಮಂಕಾಗುತ್ತವೆ, ಕಫ ಶುದ್ಧವಾಗುವುದು ತಡವಾಗುತ್ತದೆ. ದೊಡ್ಡ ಕುಳಿ, ಆರಂಭದಲ್ಲೇ 3+ ಇದ್ದ ಬ್ಯಾಕ್ಟೀರಿಯಾ ಭಾರ, ಇವೂ ತಡಕ್ಕೆ ಕಾರಣವಾಗಬಲ್ಲವು. ಸ್ಮಿಯರಿನಲ್ಲಿ ಕಾಣುವುದು ಸತ್ತ ಬ್ಯಾಕ್ಟೀರಿಯಾಗಳೂ ಇರಬಹುದು. ಇಷ್ಟೆಲ್ಲ ಒಪ್ಪುವ ಕಾರಣಗಳು ಒಟ್ಟಿಗೆ ಸಿಕ್ಕಾಗ ಹುಡುಕಾಟ ಅಲ್ಲಿಗೇ ನಿಲ್ಲುವುದು ಸಹಜ.

ನಿಲ್ಲಿಸದೆ ಹೋದದ್ದು ಎರಡನೆಯ ತಿರುವು. ಕ್ರಮದ ಪ್ರಕಾರ ಆ ವಾರ ರೋಗಿ ಎರಡು ಔಷಧಗಳ ಹಂತಕ್ಕೆ ಹೋಗಬೇಕಿತ್ತು. ಚಿಕಿತ್ಸೆ ನೀಡುತ್ತಿದ್ದ ವೈದ್ಯೆ ಅದನ್ನು ಕೆಲವು ದಿನ ತಡೆದರು, ನಾಲ್ಕೂ ಔಷಧಗಳನ್ನು ಮುಂದುವರಿಸಿ ಹೊಸ ಕಫದ ಮಾದರಿಯನ್ನು ನಮಗೆ ಕಳಿಸಿದರು. ಅವರ ಚೀಟಿಯಲ್ಲಿ ಒಂದೇ ಪ್ರಶ್ನೆ ಇತ್ತು: ಐಸೋನಿಯಜಿಡ್ ಕೆಲಸ ಮಾಡುತ್ತಿದೆಯೇ? ಆ ತಡೆಯ ಮಹತ್ವವನ್ನು ಬಿಡಿಸಿ ಹೇಳಬೇಕು. ತಳಿ ಐಸೋನಿಯಜಿಡ್‌ಗೆ ಬಗ್ಗದಿದ್ದರೆ, ಎರಡು ಔಷಧಗಳ ಹಂತ ನಿಜದಲ್ಲಿ ಒಂದೇ ಔಷಧದ ಹಂತವಾಗುತ್ತದೆ. ಜೀವಂತ ಬ್ಯಾಕ್ಟೀರಿಯಾಗಳು ಇನ್ನೂ ಉಳಿದಿರುವ ಶ್ವಾಸಕೋಶದಲ್ಲಿ ರಿಫಾಂಪಿಸಿನ್ ಒಂಟಿಯಾಗಿ ನಿಂತರೆ, ಅದಕ್ಕೂ ಬಗ್ಗದ ತಳಿಗಳು ಮೇಲೇಳಲು ಹೆಚ್ಚು ಕಾಲ ಬೇಕಿಲ್ಲ. ಒಂದು ಔಷಧದ ಪ್ರತಿರೋಧ ಬಹುಔಷಧ ಪ್ರತಿರೋಧವಾಗುವ ಹಾದಿ ಇದೇ.

ಪಟ್ಟಿಯಲ್ಲಿ ಕಾಣದ ಗೆರೆ

ನಾವು ಮಾಡಿದ್ದು ಲೈನ್ ಪ್ರೋಬ್ ಪರೀಕ್ಷೆ. ಕಫದಿಂದ ಬ್ಯಾಕ್ಟೀರಿಯಾದ ಡಿಎನ್‌ಎ ತೆಗೆದು, ಬೇಕಾದ ಜೀನ್ ತುಣುಕುಗಳನ್ನು ಹೆಚ್ಚಿಸಿ, ತೆಳುವಾದ ಪಟ್ಟಿಯ ಮೇಲೆ ಹರಿಸಿದರೆ ಹೊಂದುವ ಜಾಗಗಳಲ್ಲಿ ಗೆರೆ ಮೂಡುತ್ತದೆ. ಸ್ಮಿಯರ್ ಪಾಸಿಟಿವ್ ಕಫವಿದ್ದರೆ ಬೆಳೆಸಿ ನೋಡುವ ವಾರಗಳ ಕಾಯುವಿಕೆ ಬೇಕಿಲ್ಲ, ಕೆಲವೇ ದಿನಗಳಲ್ಲಿ ಉತ್ತರ ಸಿಗುತ್ತದೆ.

ರಿಫಾಂಪಿಸಿನ್‌ಗೆ ಸಂಬಂಧಿಸಿದ ಗೆರೆಗಳು ಎಲ್ಲವೂ ಸಹಜವಾಗಿದ್ದವು. ಐಸೋನಿಯಜಿಡ್‌ಗೆ ಸಂಬಂಧಿಸಿ ಈ ಪಟ್ಟಿ ನೋಡುವ ಎರಡು ಜೀನುಗಳಲ್ಲಿ ಇನ್‌ಎಚ್‌ಎಯ ಗೆರೆಗಳೂ ಸಹಜ. ಕ್ಯಾಟ್‌ಜಿ ಜೀನಿನ ಸಹಜ ಗೆರೆ ಮಾತ್ರ ಇರಲಿಲ್ಲ, ಅದರ ಬದಲು ಮಾರ್ಪಾಡಿನ ಮೊದಲ ಗೆರೆ ಗಾಢವಾಗಿ ಮೂಡಿತ್ತು. ಕ್ಯಾಟ್‌ಜಿ ಪ್ರೋಟೀನಿನ 315ನೆಯ ಜಾಗದಲ್ಲಿ ಸೆರೀನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಥ್ರಿಯೋನಿನ್ ಇದೆ ಎಂಬುದು ಅದರ ಅರ್ಥ. ಪ್ರಪಂಚದಾದ್ಯಂತ ಐಸೋನಿಯಜಿಡ್‌ಗೆ ಬಗ್ಗದ ಕ್ಷಯ ರೋಗಿಗಳಲ್ಲಿ ಅತಿ ಹೆಚ್ಚು ಸಿಗುವ ಮಾರ್ಪಾಡು ಇದೇ.

ಅದೇ ಮಾದರಿಯನ್ನು ದ್ರವ ಮಾಧ್ಯಮದಲ್ಲಿ ಬೆಳೆಸಿದೆವು. ಮಿಲಿಲೀಟರಿಗೆ 0.1 ಮೈಕ್ರೋಗ್ರಾಂ ಐಸೋನಿಯಜಿಡ್ ಇದ್ದಲ್ಲೂ, 0.4 ಇದ್ದಲ್ಲೂ ಬ್ಯಾಕ್ಟೀರಿಯಾ ಬೆಳೆಯಿತು. ಪಟ್ಟಿ ಹೇಳಿದ್ದನ್ನು ಬೆಳೆ ಒಪ್ಪಿತು.

ಇಲ್ಲಿಯವರೆಗೆ ಇದು ನಿತ್ಯದ ಲ್ಯಾಬ್ ಕೆಲಸ. ಆದರೆ ಘನ ಮಾಧ್ಯಮದಲ್ಲಿ ಬೆಳೆದ ಬ್ಯಾಕ್ಟೀರಿಯಾ ಗುಂಪಿನ (ವಸಾಹತಿನ) ಮೇಲೆ ತರಬೇತಿಗೆ ಬಂದಿದ್ದ ಕಿರಿಯ ಸಹೋದ್ಯೋಗಿಯೊಬ್ಬರು ಹೈಡ್ರೋಜನ್ ಪೆರಾಕ್ಸೈಡ್ ಹನಿ ಹಾಕಿದಾಗ ಗುಳ್ಳೆಗಳು ಎದ್ದವು. ಕ್ಯಾಟಲೇಸ್ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆದರೆ ಹೀಗಾಗುತ್ತದೆ. ಅವರು ಕೇಳಿದರು: "ಮೇಡಂ, ಕ್ಯಾಟ್‌ಜಿ ಅಂದರೆ ಕ್ಯಾಟಲೇಸ್ ತಾನೇ? ಅದು ಕೆಟ್ಟಿರುವುದರಿಂದ ಔಷಧ ನಾಟುತ್ತಿಲ್ಲ ಅಂತೀರಿ. ಕೆಟ್ಟಿದ್ದರೆ ಇದು ಗುಳ್ಳೆ ಯಾಕೆ ಬಿಡುತ್ತಿದೆ?" ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡ ಪ್ರಶ್ನೆ ಇದು. ಇದಕ್ಕೆ ಉತ್ತರ ಬೇಕಾದರೆ ಕಫದಿಂದ ಹಿಂದೆ ಸರಿದು, ಬ್ಯಾಕ್ಟೀರಿಯಾ ಬದುಕುವ ಜಾಗಕ್ಕೆ ಹೋಗಬೇಕು.

ಭಕ್ಷಕ ಕೋಶದ ಒಳಗೆ

ಉಸಿರಿನೊಡನೆ ಬಂದ ಕ್ಷಯದ ಬ್ಯಾಕ್ಟೀರಿಯಾವನ್ನು ಶ್ವಾಸಕೋಶದ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ ನುಂಗುತ್ತದೆ. ನುಂಗಿದ್ದು ಫ್ಯಾಗೋಸೋಮ್ ಎಂಬ ಪೊರೆಯ ಚೀಲದಲ್ಲಿ ಬಂಧಿಯಾಗುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ಇಲ್ಲಿಂದ ಮುಂದೆ ಸಾವೇ. ಚೀಲದ ಪೊರೆಯಲ್ಲಿರುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವ ಆಮ್ಲಜನಕಕ್ಕೆ ಎಲೆಕ್ಟ್ರಾನ್ ಕೊಟ್ಟು ಸೂಪರ್‌ಆಕ್ಸೈಡ್ ತಯಾರಿಸುತ್ತದೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಇನ್ನೊಂದು ಕಿಣ್ವ ನೈಟ್ರಿಕ್ ಆಕ್ಸೈಡ್ ಸುರಿಸುತ್ತದೆ. ಪ್ರೋಟಾನ್ ಪಂಪುಗಳು ಚೀಲವನ್ನು ಹುಳಿಯಾಗಿಸುತ್ತವೆ. ಕೊನೆಗೆ ಲೈಸೋಸೋಮ್ ಬಂದು ಚೀಲದೊಂದಿಗೆ ಬೆರೆತು, ಪಿಎಚ್ 5ರ ಆಸುಪಾಸಿನ ಆಮ್ಲದಲ್ಲಿ ಜೀರ್ಣಕಾರಿ ಕಿಣ್ವಗಳು ಉಳಿದದ್ದನ್ನು ಕರಗಿಸುತ್ತವೆ.

ಕ್ಷಯದ ಬ್ಯಾಕ್ಟೀರಿಯಾ ಈ ಒಂದೊಂದು ಹಂತಕ್ಕೂ ಒಂದೊಂದು ಕಿಣ್ವವನ್ನು ಎದುರಿಗಿಟ್ಟಿದೆ. ನುಂಗಿದ ಬ್ಯಾಕ್ಟೀರಿಯಾ ಜೀವಂತವಾಗಿದ್ದರೆ ಲೈಸೋಸೋಮ್ ಅದರ ಚೀಲದೊಂದಿಗೆ ಬೆರೆಯುವುದಿಲ್ಲ ಎಂಬುದನ್ನು ಆರ್ಮ್‌ಸ್ಟ್ರಾಂಗ್ ಮತ್ತು ಡಾರ್ಸಿ ಹಾರ್ಟ್ 1971ರಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಏಕೆ ಬೆರೆಯುವುದಿಲ್ಲ ಎಂಬುದಕ್ಕೆ ಉತ್ತರ ನಂತರದ ದಶಕಗಳಲ್ಲಿ ಬಿಡಿಬಿಡಿಯಾಗಿ ಸಿಕ್ಕಿತು. ಚೀಲದ ಪೊರೆಯ ಮೇಲೆ ಪಿಐ3ಪಿ ಎಂಬ ಕೊಬ್ಬಿನ ಅಣು ಸೇರಿದರೆ ಅದು ಲೈಸೋಸೋಮಿಗೆ ಬಾ ಎಂಬ ಸೂಚನೆ. ಬ್ಯಾಕ್ಟೀರಿಯಾ ಸ್ರವಿಸುವ ಸ್ಯಾಪ್‌ಎಂ ಎಂಬ ಫಾಸ್ಫಟೇಸ್ ಆ ಅಣುವಿನ ಫಾಸ್ಫೇಟನ್ನು ಕಿತ್ತು ಸೂಚನೆಯನ್ನೇ ಅಳಿಸುತ್ತದೆ. ಪಿಟಿಪಿಎ ಎಂಬ ಇನ್ನೊಂದು ಫಾಸ್ಫಟೇಸ್ ಎರಡು ಕೆಲಸ ಮಾಡುತ್ತದೆ. ಪ್ರೋಟಾನ್ ಪಂಪಿನ ಒಂದು ಭಾಗಕ್ಕೆ ಅಂಟಿಕೊಂಡು, ಚೀಲ ಹುಳಿಯಾಗಲು ಬೇಕಾದ ಪಂಪು ಅಲ್ಲಿ ನೆಲೆಯೂರದಂತೆ ತಡೆಯುತ್ತದೆ. ಪೊರೆಗಳ ಬೆಸುಗೆಗೆ ಬೇಕಾದ ವಿಪಿಎಸ್33ಬಿ ಎಂಬ ಆತಿಥೇಯ ಪ್ರೋಟೀನಿನ ಫಾಸ್ಫೇಟನ್ನೂ ತೆಗೆದುಹಾಕುತ್ತದೆ. ಪಿಕೆಎನ್‌ಜಿ ಎಂಬ ಕೈನೇಸ್ ಕೂಡ ಲೈಸೋಸೋಮಿನ ದಾರಿಗೆ ಅಡ್ಡ ನಿಲ್ಲುತ್ತದೆ. ಫಲವಾಗಿ ಚೀಲದ ಒಳಗಿನ ಪಿಎಚ್ 6.2ರಿಂದ 6.5ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ಬ್ಯಾಕ್ಟೀರಿಯಾ ಬದುಕಬಲ್ಲಷ್ಟು ಸೌಮ್ಯವಾಗಿ.

ಆಮ್ಲಜನಕದ ವಿಷಗಳ ವಿರುದ್ಧದ ಸಾಲು ಬೇರೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವಗಳು ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡಾಗಿ ಬದಲಿಸುತ್ತವೆ. ಹಾಗೆ ಹುಟ್ಟಿದ ಪೆರಾಕ್ಸೈಡನ್ನು ಮುಗಿಸುವ ಹೊಣೆ ಕ್ಯಾಟ್‌ಜಿಯದು. ಎಎಚ್‌ಪಿಸಿ ಎಂಬ ಮತ್ತೊಂದು ಕಿಣ್ವ ಸಾವಯವ ಪೆರಾಕ್ಸೈಡುಗಳನ್ನೂ, ನೈಟ್ರಿಕ್ ಆಕ್ಸೈಡಿನಿಂದ ಹುಟ್ಟುವ ಪೆರಾಕ್ಸಿನೈಟ್ರೈಟನ್ನೂ ನೋಡಿಕೊಳ್ಳುತ್ತದೆ. ಇವುಗಳಲ್ಲಿ ಕ್ಯಾಟ್‌ಜಿಯ ಪಾತ್ರವನ್ನು 2004ರಲ್ಲಿ ಪ್ರಕಟವಾದ ಒಂದು ಇಲಿ ಪ್ರಯೋಗ ಬಹಳ ಅಚ್ಚುಕಟ್ಟಾಗಿ ತೋರಿಸಿತು. ಕ್ಯಾಟ್‌ಜಿ ಇಲ್ಲದ ಕ್ಷಯದ ಬ್ಯಾಕ್ಟೀರಿಯಾ ಸಾಮಾನ್ಯ ಇಲಿಗಳಲ್ಲಿ ಸೊರಗಿತು. ಎನ್‌ಎಡಿಪಿಎಚ್ ಆಕ್ಸಿಡೇಸ್ ಇಲ್ಲದ ಇಲಿಗಳಲ್ಲಿ ಅದೇ ಬ್ಯಾಕ್ಟೀರಿಯಾ ಸೊರಗಲಿಲ್ಲ. ದಾಳಿ ಇಲ್ಲದಿದ್ದರೆ ಗುರಾಣಿಯೂ ಬೇಡ. ಈ ಕಿಣ್ವ ಯಾವ ಅಸ್ತ್ರಕ್ಕೆ ಉತ್ತರವಾಗಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಸಿಗುವುದು ಕಷ್ಟ.

ಗುಳ್ಳೆಯ ಪ್ರಶ್ನೆಗೆ ಉತ್ತರ

ಐಸೋನಿಯಜಿಡ್ 1952ರಿಂದ ಬಳಕೆಯಲ್ಲಿದೆ. ಮಾತ್ರೆಯಲ್ಲಿರುವ ರೂಪದಲ್ಲಿ ಅದು ಬ್ಯಾಕ್ಟೀರಿಯಾಕ್ಕೆ ಏನೂ ಮಾಡದು. ಬ್ಯಾಕ್ಟೀರಿಯಾದ ಒಳಗೆ ಹೊಕ್ಕ ಮೇಲೆ ಕ್ಯಾಟ್‌ಜಿ ಅದನ್ನು ಉತ್ಕರ್ಷಿಸಿ ಚುರುಕಾದ ರೂಪಕ್ಕೆ ತರುತ್ತದೆ. ಆ ರೂಪ ಎನ್‌ಎಡಿ ಅಣುವಿನೊಂದಿಗೆ ಸೇರಿ ಇನ್‌ಎಚ್‌ಎ ಕಿಣ್ವವನ್ನು ಕಟ್ಟಿಹಾಕುತ್ತದೆ. ಇನ್‌ಎಚ್‌ಎ ನಿಂತರೆ ಬ್ಯಾಕ್ಟೀರಿಯಾದ ಗೋಡೆಗೆ ಬೇಕಾದ ಮೈಕೋಲಿಕ್ ಆಮ್ಲ ತಯಾರಾಗುವುದಿಲ್ಲ. ಕೋಟೆಯನ್ನು ಕಾಯಲು ನಿಂತವನೇ ಹಗೆಯ ಕೈಗೆ ಕತ್ತಿ ಕೊಟ್ಟಂತೆ.

ಐಸೋನಿಯಜಿಡ್‌ಗೆ ಬಗ್ಗದ ಕೆಲವು ತಳಿಗಳಲ್ಲಿ ಕ್ಯಾಟಲೇಸ್ ಇರುವುದಿಲ್ಲ ಎಂಬುದನ್ನು ಮಿಡಲ್‌ಬ್ರೂಕ್ 1954ರಲ್ಲಿ ಗಮನಿಸಿದರು. ಅಂಥ ತಳಿಗಳು ಗಿನಿಪಿಗ್‌ಗಳಲ್ಲಿ ದುರ್ಬಲವಾಗಿರುತ್ತವೆ ಎಂಬುದೂ ಆಗಲೇ ಕಂಡುಬಂತು. ಇದರ ಹಿಂದಿನ ಜೀನ್ ಕ್ಯಾಟ್‌ಜಿ ಎಂದು 1992ರಲ್ಲಿ ಗೊತ್ತಾಯಿತು. ಬ್ಯಾಕ್ಟೀರಿಯಾ ಕ್ಯಾಟ್‌ಜಿಯನ್ನು ಪೂರ್ತಿ ಬಿಟ್ಟುಕೊಟ್ಟರೆ ಔಷಧದಿಂದ ಪಾರಾಗುತ್ತದೆ, ಆದರೆ ಮ್ಯಾಕ್ರೋಫೇಜಿನ ಪೆರಾಕ್ಸೈಡಿಗೆ ಬೆತ್ತಲಾಗುತ್ತದೆ. ಹಾಗೆ ಕಳೆದುಕೊಂಡ ಕೆಲವು ತಳಿಗಳಲ್ಲಿ ಎಎಚ್‌ಪಿಸಿ ಹೆಚ್ಚು ತಯಾರಾಗುವಂಥ ಮತ್ತೊಂದು ಮಾರ್ಪಾಡು ಕಂಡಿದೆ, ನಷ್ಟವನ್ನು ಸ್ವಲ್ಪವಾದರೂ ತುಂಬಿಕೊಳ್ಳುವ ಯತ್ನ ಅದು.

315ನೆಯ ಜಾಗದ ಸೆರೀನ್ ಥ್ರಿಯೋನಿನ್ ಆದಾಗ ನಡೆಯುವುದೇ ಬೇರೆ. ಬದಲಾವಣೆ ಬಹಳ ಚಿಕ್ಕದು, ಒಂದು ಮಿಥೈಲ್ ಗುಂಪಿನಷ್ಟು. ಆ ಚಿಕ್ಕ ಉಬ್ಬು ಕಿಣ್ವದ ಹೃದಯಭಾಗಕ್ಕೆ ಹೋಗುವ ಕಾಲುವೆಯನ್ನು ಕಿರಿದಾಗಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಪುಟ್ಟ ಅಣು, ನುಸುಳಿ ಹೋಗುತ್ತದೆ. ಐಸೋನಿಯಜಿಡ್ ದೊಡ್ಡದು, ಅದಕ್ಕೆ ಸರಿಯಾದ ಜಾಗಕ್ಕೆ ತಲುಪಲು ಆಗುವುದಿಲ್ಲ. ಈ ಮಾರ್ಪಾಡುಳ್ಳ ತಳಿಗಳು ಕ್ಯಾಟಲೇಸ್ ಚಟುವಟಿಕೆಯನ್ನೂ ಇಲಿಗಳಲ್ಲಿ ರೋಗ ತರುವ ಶಕ್ತಿಯನ್ನೂ ಉಳಿಸಿಕೊಂಡಿರುತ್ತವೆ ಎಂದು 2002ರಲ್ಲಿ ತೋರಿಸಲಾಯಿತು. ನಮ್ಮ ರೋಗಿಯ ವಸಾಹತು ಗುಳ್ಳೆ ಬಿಟ್ಟದ್ದು ಇದಕ್ಕೇ. ಕಿಣ್ವ ಕೆಟ್ಟಿರಲಿಲ್ಲ. ಔಷಧವನ್ನು ಮಾತ್ರ ಹೊರಗಿಟ್ಟು, ತನ್ನ ಮೂಲ ಕೆಲಸವನ್ನು ಮುಂದುವರಿಸಿತ್ತು.

ಇದೇ ಚಿಕಿತ್ಸೆಯಲ್ಲಿರುವ ಪೈರಜಿನಮೈಡ್ ಜೊತೆ ಹೋಲಿಸಿದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಅದನ್ನೂ ಬ್ಯಾಕ್ಟೀರಿಯಾದ ಕಿಣ್ವವೇ, ಪೈರಜಿನಮೈಡೇಸ್, ಚುರುಕುಗೊಳಿಸಬೇಕು. ಆದರೆ ಆ ಕಿಣ್ವ ಬ್ಯಾಕ್ಟೀರಿಯಾದ ಉಳಿವಿಗೆ ಅಷ್ಟೊಂದು ಬೇಕಾದದ್ದಲ್ಲ. ಹಸುಗಳ ಕ್ಷಯಕ್ಕೆ ಕಾರಣವಾದ ಮೈಕೋಬ್ಯಾಕ್ಟೀರಿಯಂ ಬೋವಿಸ್‌ನಲ್ಲಿ ಅದು ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ, ಆದರೂ ಅದು ರೋಗ ತರುತ್ತದೆ. ಹಾಗಾಗಿ ಪೈರಜಿನಮೈಡ್‌ಗೆ ಬಗ್ಗದ ತಳಿಗಳಲ್ಲಿ ಮಾರ್ಪಾಡುಗಳು ಆ ಕಿಣ್ವವನ್ನು ತಯಾರಿಸುವ ಪಿಎನ್‌ಸಿಎ ಜೀನಿನ ಉದ್ದಕ್ಕೂ ಎಲ್ಲೆಂದರಲ್ಲಿ ಸಿಗುತ್ತವೆ. ಹೇಗೆ ಕೆಡಿಸಿದರೂ ನಡೆಯುತ್ತದೆ. ಕ್ಯಾಟ್‌ಜಿಯನ್ನು ಹಾಗೆ ಕೆಡಿಸುವಂತಿಲ್ಲ, ಅದಕ್ಕೇ ರೋಗಿಗಳಲ್ಲಿ ಸಿಗುವ ಮಾರ್ಪಾಡು ಬಹುಪಾಲು ಒಂದೇ ಜಾಗದಲ್ಲಿ ಗುಂಪುಗೂಡಿದೆ. ಒಂದೆರಡು ಗೆರೆಗಳ ಪಟ್ಟಿ ಕ್ಯಾಟ್‌ಜಿಗೆ ಸಾಕಾಗುವುದೂ, ಪಿಎನ್‌ಸಿಎಗೆ ಇಡೀ ಜೀನನ್ನು ಓದಬೇಕಾಗುವುದೂ ಇದೇ ಕಾರಣಕ್ಕೆ. ಮ್ಯಾಕ್ರೋಫೇಜಿನ ಒತ್ತಡವೇ ನಮ್ಮ ಪರೀಕ್ಷಾ ಪಟ್ಟಿಯ ವಿನ್ಯಾಸವನ್ನು ಪರೋಕ್ಷವಾಗಿ ನಿರ್ಧರಿಸಿದೆ ಎಂದು ನಾನು ತಿಳಿಯುತ್ತೇನೆ.

ಚಿಕಿತ್ಸೆ ಬದಲಾದದ್ದು

ಫಲಿತಾಂಶ ಹೋದ ದಿನವೇ ಚರ್ಚೆ ನಡೆಯಿತು. ಮೊದಲು ಎದ್ದ ಸಲಹೆ ಐಸೋನಿಯಜಿಡ್ ಪ್ರಮಾಣ ಹೆಚ್ಚಿಸುವುದು. ಇನ್‌ಎಚ್‌ಎ ಜೀನಿನ ಮುಂಭಾಗದಲ್ಲಿ ಮಾರ್ಪಾಡು ಇದ್ದಿದ್ದರೆ ಅದಕ್ಕೆ ಅರ್ಥವಿತ್ತು. ಅಲ್ಲಿ ಗುರಿಯ ಕಿಣ್ವ ಹೆಚ್ಚು ತಯಾರಾಗುವುದರಿಂದ ಪ್ರತಿರೋಧ ಸಾಮಾನ್ಯವಾಗಿ ಕೆಳಮಟ್ಟದ್ದು, ಔಷಧ ಹೆಚ್ಚಿಸಿ ಮೀರಬಹುದು. ಇಲ್ಲಿ ಔಷಧವನ್ನು ಚುರುಕುಗೊಳಿಸುವ ಹೆಜ್ಜೆಯೇ ತಪ್ಪಿತ್ತು, 0.4ರಲ್ಲೂ ಬ್ಯಾಕ್ಟೀರಿಯಾ ಬೆಳೆದಿತ್ತು. ಸಲಹೆಯನ್ನು ಕೈಬಿಡಲಾಯಿತು. ಈ ಎರಡು ಬಗೆಯ ರೋಗಿಗಳ ರಿಪೋರ್ಟಿನಲ್ಲೂ "ಐಸೋನಿಯಜಿಡ್‌ಗೆ ಪ್ರತಿರೋಧ" ಎಂದೇ ಇರಬಹುದು. ಯಾವ ಜೀನಿನಿಂದ ಎಂಬುದು ತಿಳಿಯದೆ ಮುಂದಿನ ಹೆಜ್ಜೆ ಇಡಲಾಗದು.

ಎರಡನೆಯ ಚರ್ಚೆ ಲಿವೋಫ್ಲಾಕ್ಸಾಸಿನ್ ಎಂಬ ಔಷಧದ ಕುರಿತು. ರಿಫಾಂಪಿಸಿನ್‌ಗೆ ಬಗ್ಗುವ, ಐಸೋನಿಯಜಿಡ್‌ಗೆ ಬಗ್ಗದ ಕ್ಷಯಕ್ಕೆ ರಿಫಾಂಪಿಸಿನ್, ಎಥಾಂಬುಟಾಲ್, ಪೈರಜಿನಮೈಡ್ ಮತ್ತು ಲಿವೋಫ್ಲಾಕ್ಸಾಸಿನ್ ಆರು ತಿಂಗಳು ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಆದರೆ ಸೋಲುತ್ತಿರುವ ಚಿಕಿತ್ಸೆಗೆ ಒಂದೇ ಒಂದು ಹೊಸ ಔಷಧ ಸೇರಿಸಬಾರದು ಎಂಬುದು ಕ್ಷಯ ಚಿಕಿತ್ಸೆಯ ಹಳೆಯ ನಿಯಮ. ಹಿರಿಯ ವೈದ್ಯರೊಬ್ಬರು ಅದನ್ನು ಎತ್ತಿದರು, ಎತ್ತಿದ್ದು ಒಳ್ಳೆಯದೇ ಆಯಿತು. ಈ ರೋಗಿಯಲ್ಲಿ ಚಿಕಿತ್ಸೆ ಪೂರ್ತಿ ಸೋಲುತ್ತಿದೆಯೇ, ಇಲ್ಲ ನಾಲ್ಕರಲ್ಲಿ ಒಂದು ಕೈಕೊಟ್ಟು ಉಳಿದ ಮೂರು ದುಡಿಯುತ್ತಿವೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಾಯಿತು. ರಿಫಾಂಪಿಸಿನ್ ವಿಷಯದಲ್ಲಿ ಮೊದಲ ದಿನದ ಪರೀಕ್ಷೆಯನ್ನು ನೆಚ್ಚಲಿಲ್ಲ. ಎರಡು ತಿಂಗಳ ಚಿಕಿತ್ಸೆಯ ನಂತರದ ಮಾದರಿಯಲ್ಲೂ ಆರ್‌ಪಿಒಬಿ ಗೆರೆಗಳು ಸಹಜವಾಗಿವೆ ಎಂಬುದೇ ಆಧಾರವಾಯಿತು. ಲಿವೋಫ್ಲಾಕ್ಸಾಸಿನ್ ಸೇರಿದ ಫ್ಲೋರೋಕ್ವಿನೋಲೋನ್ ಗುಂಪಿಗೆ ಬೇರೆ ಪಟ್ಟಿ ಹಾಕಿದೆವು, ಪ್ರತಿರೋಧ ಇರಲಿಲ್ಲ. ಪಿಎನ್‌ಸಿಎ ಜೀನನ್ನು ಓದಿಸಲು ಕಳಿಸಿದೆವು, ಅದರಲ್ಲೂ ಮಾರ್ಪಾಡು ಇಲ್ಲವೆಂದು ನಂತರ ಬಂತು. ಇಷ್ಟಾದ ಮೇಲೆ ಹಿರಿಯರ ಆಕ್ಷೇಪ ತಾನಾಗಿ ಬಗೆಹರಿಯಿತು.

ಆರು ತಿಂಗಳ ಎಣಿಕೆ ಲಿವೋಫ್ಲಾಕ್ಸಾಸಿನ್ ಶುರುವಾದ ದಿನದಿಂದ. ಇಸಿಜಿ ನೋಡಿದರು. ಸಕ್ಕರೆಯ ಕಡೆ ವಿಶೇಷ ನಿಗಾ ಬೇಕಾಯಿತು. ರಿಫಾಂಪಿಸಿನ್ ಸಕ್ಕರೆಯ ಕೆಲವು ಮಾತ್ರೆಗಳ ಪ್ರಭಾವ ತಗ್ಗಿಸುತ್ತದೆ, ಲಿವೋಫ್ಲಾಕ್ಸಾಸಿನ್ ಸಕ್ಕರೆಯನ್ನು ಏರಿಸಲೂಬಹುದು ಇಳಿಸಲೂಬಹುದು. ಇನ್ಸುಲಿನ್‌ಗೆ ಬದಲಾಯಿಸಲಾಯಿತು.

ಹೊಸ ಚಿಕಿತ್ಸೆಯ ಮೊದಲ ತಿಂಗಳ ಕೊನೆಗೆ ಸ್ಮಿಯರ್ ನೆಗೆಟಿವ್ ಆಯಿತು. ಎರಡನೆಯ ತಿಂಗಳ ಮಾದರಿಯಲ್ಲಿ ಬೆಳೆ ಬರಲಿಲ್ಲ, ಆಮೇಲೂ ಬರಲಿಲ್ಲ. ಚಿಕಿತ್ಸೆ ಮುಗಿದು ಎರಡು ವರ್ಷ ಕಳೆದರೂ ರೋಗ ಮರುಕಳಿಸಿಲ್ಲ. ಕುಳಿ ಇದ್ದಲ್ಲಿ ಕಲೆ ಉಳಿದಿದೆ.

ಮೊದಲ ವಾರಗಳಲ್ಲಿ ಅವರು ಚೇತರಿಸಿಕೊಂಡದ್ದೇಕೆ ಎಂದು ಕೇಳಬಹುದು. ಉಳಿದ ಮೂರು ಔಷಧಗಳು ಕೆಲಸ ಮಾಡುತ್ತಿದ್ದವು. ಆದರೆ ಆರಂಭದ ದಿನಗಳಲ್ಲಿ ವೇಗವಾಗಿ ವೃದ್ಧಿಸುವ ಬ್ಯಾಕ್ಟೀರಿಯಾಗಳನ್ನು ಅತಿ ಬೇಗ ಕೊಲ್ಲುವುದು ಐಸೋನಿಯಜಿಡ್. ಆ ಮೊದಲ ಹೊಡೆತ ಇಲ್ಲವಾದಾಗ ಜ್ವರ ಇಳಿಯುತ್ತದೆ, ತೂಕ ಏರುತ್ತದೆ, ಬ್ಯಾಕ್ಟೀರಿಯಾ ಭಾರ ಮಾತ್ರ ನಿಧಾನಕ್ಕೆ ಕರಗುತ್ತದೆ. ಮೈ ಚೇತರಿಸುತ್ತಿದೆ ಎಂಬ ನಂಬಿಕೆಯನ್ನೂ ಕಫದಲ್ಲಿ ಕಂಡದ್ದನ್ನೂ ಒಟ್ಟಿಗೆ ಹಿಡಿದು ಯೋಚಿಸಿದ್ದರಿಂದಲೇ ಇಲ್ಲಿ ದಾರಿ ಸಿಕ್ಕಿತು.

ಮನೆಯವರು

ಈ ಪ್ರಕರಣದಲ್ಲಿ ಬಹುತೇಕ ಕೈತಪ್ಪಿ ಹೋಗುತ್ತಿದ್ದ ವಿಷಯ ಇದು. ರೋಗಿಯ ಔಷಧ ಬದಲಾದ ಮೇಲೂ ಹೆಂಡತಿ ಮತ್ತು ಮಗಳು ಐಸೋನಿಯಜಿಡ್ ನುಂಗುತ್ತಲೇ ಇದ್ದರು. ಅವರ ಕಡತ ಬೇರೆ, ನೋಡುವವರು ಬೇರೆ. ರೋಗಿಯ ಮಾತ್ರೆ ಎಣಿಸುತ್ತಿದ್ದ ನರ್ಸ್ ಒಬ್ಬರು ಮಗಳ ಮಾತ್ರೆಯ ಹೆಸರು ಓದಿ ವೈದ್ಯೆಗೆ ಹೇಳಿದರು. ಅವರಿಬ್ಬರಿಗೆ ಸೋಂಕು ತಗುಲಿದ್ದು ಇದೇ ರೋಗಿಯಿಂದ ಎಂದಾದರೆ, ಅವರ ಮೈಯಲ್ಲಿ ಮಲಗಿರುವುದೂ ಅದೇ ಮಾರ್ಪಾಡಿನ ಬ್ಯಾಕ್ಟೀರಿಯಾ. ಅದರ ಕ್ಯಾಟ್‌ಜಿ ಐಸೋನಿಯಜಿಡನ್ನು ಚುರುಕುಗೊಳಿಸುವುದಿಲ್ಲ. ಮಗು ದಿನವೂ ಮಾತ್ರೆ ನುಂಗಿದರೂ ರಕ್ಷಣೆ ಇಲ್ಲ, ಯಕೃತ್ತಿನ ಮೇಲಿನ ಭಾರ ಮಾತ್ರ ಉಳಿಯುತ್ತದೆ. ಇಬ್ಬರನ್ನೂ ಮತ್ತೆ ಪರೀಕ್ಷಿಸಿ, ರೋಗ ಇಲ್ಲವೆಂದು ಖಚಿತಪಡಿಸಿಕೊಂಡು, ನಾಲ್ಕು ತಿಂಗಳ ರಿಫಾಂಪಿಸಿನ್‌ಗೆ ಬದಲಿಸಿದರು. ರೋಗವಿಲ್ಲ ಎಂಬುದನ್ನು ಮರುಖಚಿತಪಡಿಸುವ ಹೆಜ್ಜೆಯನ್ನು ಬಿಡುವಂತಿರಲಿಲ್ಲ. ಸುಪ್ತ ಸೋಂಕಿಗೆ ಒಂದೇ ಔಷಧ ಸಾಕು, ಸಕ್ರಿಯ ರೋಗಕ್ಕೆ ಅದೇ ಒಂಟಿ ಔಷಧ ಹೊಸ ಪ್ರತಿರೋಧವನ್ನು ಸಾಕುತ್ತದೆ. ಇಬ್ಬರೂ ಆರೋಗ್ಯವಾಗಿದ್ದಾರೆ.

ಇದರಿಂದ ಬದಲಾದದ್ದು

ನಮ್ಮಲ್ಲಿ ಈಗ ರಿಫಾಂಪಿಸಿನ್‌ಗೆ ಪ್ರತಿರೋಧವಿಲ್ಲ ಎಂದು ಬಂದ ಮಾದರಿಯೂ ಐಸೋನಿಯಜಿಡ್ ಪರೀಕ್ಷೆಗೆ ಹೋಗುತ್ತದೆ, ಎರಡು ತಿಂಗಳು ಕಾಯುವುದಿಲ್ಲ. ಎಲ್ಲ ಕಡೆ ಇದು ಆಗದಿರಬಹುದು. ಆಗದಿದ್ದರೂ, ಎರಡು ತಿಂಗಳ ಕೊನೆಗೆ ಕಫ ಪಾಸಿಟಿವ್ ಇದ್ದ ರೋಗಿಯನ್ನು ಎರಡು ಔಷಧಗಳ ಹಂತಕ್ಕೆ ತಳ್ಳುವ ಮುನ್ನ ಈ ಪರೀಕ್ಷೆ ಮಾಡಿಸಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಸಕ್ಕರೆ ಕಾಯಿಲೆ ಇದೆಯೆಂಬ ಕಾರಣಕ್ಕೆ ಅದನ್ನು ಮುಂದೂಡಬಾರದು. ಸಕ್ಕರೆಯೂ ಪ್ರತಿರೋಧವೂ ಒಬ್ಬರಲ್ಲೇ ಇರಬಹುದು, ಈ ರೋಗಿಯಲ್ಲಿ ಇದ್ದಂತೆ.

ರಿಪೋರ್ಟಿನ ಒಕ್ಕಣೆಯನ್ನೂ ಬದಲಿಸಿದ್ದೇವೆ. "ಐಸೋನಿಯಜಿಡ್ ಪ್ರತಿರೋಧ ಇದೆ" ಎಂದಷ್ಟೇ ಬರೆಯುವುದಿಲ್ಲ. ಕ್ಯಾಟ್‌ಜಿಯದೋ ಇನ್‌ಎಚ್‌ಎಯದೋ, ಪ್ರಮಾಣ ಹೆಚ್ಚಿಸಿದರೆ ಪ್ರಯೋಜನವಾಗುವ ಸಂಭವವಿದೆಯೇ ಎಂಬುದನ್ನು ಸ್ಪಷ್ಟವಾಗಿ ಬರೆಯುತ್ತೇವೆ. ಕೆಳಗೆ ಇನ್ನೊಂದು ಸಾಲು ಸೇರಿದೆ: ಈ ರೋಗಿಯ ಮನೆಯಲ್ಲಿ ಯಾರಾದರೂ ಮುನ್ನೆಚ್ಚರಿಕೆಗಾಗಿ ಐಸೋನಿಯಜಿಡ್ ತೆಗೆದುಕೊಳ್ಳುತ್ತಿದ್ದರೆ ಕೂಡಲೇ ಮರುಪರಿಶೀಲಿಸಿ.